ಮತ ಹಾಕದವರು ಯಾರ ಕಡೆ? ಸ್ಥಳೀಯ ಸಭೆಗಳ ಮತದಾನ ಮತ್ತು ಪಂಗಡಗಳ ನಿಯಮ

ಕ್ರೈಸ್ತ ಪಂಗಡವೊಂದು ಇನ್ನೊಂದರ ಜೊತೆ ಕೂಡುವಾಗಲೂ, ಒಡೆದು ಎರಡಾಗುವಾಗಲೂ ಊರೂರಿನ ಸಭೆಗಳನ್ನು ಕೇಳಬೇಕೆ, ಕೇಳಿದರೆ ಎಷ್ಟು ಮತ ಬಂದರೆ ಸಾಕು ಎಂಬ ಪ್ರಶ್ನೆ ಏಳುತ್ತದೆ. ಚರ್ಚೆಯೆಲ್ಲ ಸಾಮಾನ್ಯವಾಗಿ ಈ 'ಎಷ್ಟು' ಎಂಬುದರ ಸುತ್ತಲೇ ನಡೆಯುತ್ತದೆ: ಸರಳ ಬಹುಮತವೋ, ಮೂರನೇ ಎರಡೋ, ನಾಲ್ಕನೇ ಮೂರೋ. ಕಳೆದ ನೂರು ವರ್ಷಗಳ ಕೆಲವು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು ಸಂಗತಿ. ಕೂಟಕ್ಕೆ ಬಾರದ ಸದಸ್ಯ, ಬಂದೂ ಚೀಟಿ ಖಾಲಿ ಬಿಟ್ಟ ಸದಸ್ಯ, ಕೂಟವನ್ನೇ ಕರೆಯದ ಸಭೆ, ಇವರ ಮೌನವನ್ನು ನಿಯಮ ಯಾರ ಲೆಕ್ಕಕ್ಕೆ ಹಾಕಿತು ಎಂಬುದೇ ಹಲವು ಕಡೆ ಫಲಿತಾಂಶವನ್ನು ನಿರ್ಧರಿಸಿದೆ. ಈ ಟಿಪ್ಪಣಿಯಲ್ಲಿ 'ಸಭೆ' ಎಂದರೆ ಒಂದು ಚರ್ಚಿಗೆ ಸೇರಿದ ಸದಸ್ಯರ ಸಮುದಾಯ. ಅವರು ತೀರ್ಮಾನಕ್ಕಾಗಿ ಕೂಡುವುದನ್ನು 'ಕೂಟ' ಎಂದಿದ್ದೇನೆ.

ಇದಕ್ಕೆ ಬಹಳ ಸ್ಪಷ್ಟವಾದ ನಿದರ್ಶನ ಕೆನಡಾದ್ದು. 1902ರಲ್ಲಿ ವಿನಿಪೆಗ್‌ನಲ್ಲಿ ಮೆಥಡಿಸ್ಟರ ಮಹಾಸಮ್ಮೇಳನ ನಡೆದಾಗ, ಅತಿಥಿಯಾಗಿ ಬಂದಿದ್ದ ಪ್ರೆಸ್ಬಿಟೇರಿಯನ್ ಪ್ರಾಂಶುಪಾಲ ವಿಲಿಯಂ ಪ್ಯಾಟ್ರಿಕ್ ಎರಡೂ ಪಂಗಡಗಳು ಒಂದಾಗಬಾರದೇಕೆ ಎಂದು ಕೇಳಿದರು. ಕಾಂಗ್ರಿಗೇಷನಲಿಸ್ಟರೂ ಮಾತುಕತೆಗೆ ಸೇರಿದರು. 1908ರ ಹೊತ್ತಿಗೆ ಐಕ್ಯದ ಕರಡು ಸಿದ್ಧವಾಯಿತು. ಮೆಥಡಿಸ್ಟರಲ್ಲಿ ದೊಡ್ಡ ವಿರೋಧ ಇರಲಿಲ್ಲ. ಪ್ರೆಸ್ಬಿಟೇರಿಯನ್ನರಲ್ಲಿ ಇತ್ತು, ಬೆಳೆಯುತ್ತಲೂ ಹೋಯಿತು. ಅವರ ಸದಸ್ಯರ ಅಭಿಪ್ರಾಯವನ್ನು ಎರಡು ಸಲ ಕೇಳಲಾಯಿತು. ಎರಡು ಸಲವೂ ಐಕ್ಯದ ಪರವಾದವರೇ ಹೆಚ್ಚು, ಆದರೆ 1915ರ ಸುತ್ತಿನಲ್ಲಿ ವಿರೋಧದ ಪಾಲು ಮೊದಲಿಗಿಂತ ಏರಿತ್ತು. ಯುದ್ಧದ ಕಾಲದಲ್ಲಿ ವಾದ ತಣ್ಣಗಿದ್ದು, ಮುಗಿದ ಮೇಲೆ ಮತ್ತೆ ಹೊತ್ತಿಕೊಂಡಿತು. ಕೊನೆಗೆ ಪ್ರಶ್ನೆ ಪಾರ್ಲಿಮೆಂಟಿಗೆ ಹೋಯಿತು. ಯುನೈಟೆಡ್ ಚರ್ಚ್ ಆಫ್ ಕೆನಡಾ ಕಾಯಿದೆಗೆ 1924ರ ಜುಲೈ 19ರಂದು ಅಂಕಿತ ಬಿತ್ತು. ಜಾರಿಗೆ ಬರುವ ದಿನ 1925ರ ಜೂನ್ 10.

ಆ ಕಾಯಿದೆ ಪ್ರೆಸ್ಬಿಟೇರಿಯನ್ ಸಭೆಗಳಿಗೆ ಹೊರಗುಳಿಯುವ ಅವಕಾಶ ಕೊಟ್ಟಿತು. ಆದರೆ ಪ್ರಶ್ನೆಯನ್ನು ಇಟ್ಟ ಕ್ರಮ ನೋಡಬೇಕು. 'ಸೇರುತ್ತೀರಾ?' ಎಂದು ಯಾವ ಸಭೆಯನ್ನೂ ಅದು ಕೇಳಲಿಲ್ಲ. ಜಾರಿಗೆ ಮುಂಚಿನ ಆರು ತಿಂಗಳಲ್ಲಿ ಕ್ರಮವಾಗಿ ಕೂಟ ಕರೆದು, ಸರಳ ಬಹುಮತದಿಂದ 'ಸೇರುವುದಿಲ್ಲ' ಎಂದು ತೀರ್ಮಾನಿಸಿದ ಸಭೆ ಹೊರಗೆ. ಉಳಿದವೆಲ್ಲ ಒಳಗೆ. ಕೂಟ ಕರೆಯದಿದ್ದರೆ ಒಳಗೆ, ಪಾಸ್ಟರ್ ಇಲ್ಲದೆ ಯಾರೂ ಮುಂದಾಳತ್ವ ವಹಿಸದೆ ಅವಧಿ ಮುಗಿದುಹೋದರೂ ಒಳಗೆ. ಕಾಯಿದೆ ಪಾಸಾದ ಹೊತ್ತಿಗೆ ಯಾರ ಹೆಸರು ಸದಸ್ಯರ ಪಟ್ಟಿಯಲ್ಲಿತ್ತೋ ಅವರಿಗಷ್ಟೇ ಮತ ಎಂದೂ ಅದು ಕಟ್ಟು ಹಾಕಿತ್ತು. ಗುಂಪು ಗುಂಪಾಗಿ ಹೊಸಬರನ್ನು ಸೇರಿಸಿ ಬಹುಮತ ಕಟ್ಟುವುದನ್ನು ಇದು ತಡೆಯಿತು. ಈ ಎರಡನೆಯ ನಿಯಮ ನ್ಯಾಯವಾದದ್ದೆಂದೇ ನನ್ನ ಎಣಿಕೆ. ಮೊದಲನೆಯದರ ಬಗ್ಗೆ ಅಷ್ಟು ಸಲೀಸಾಗಿ ಹಾಗೆನ್ನಲಾರೆ.

ಫಲಿತಾಂಶದಲ್ಲಿ ಎರಡು ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಸುಮಾರು 4,500 ಪ್ರೆಸ್ಬಿಟೇರಿಯನ್ ಸಭೆಗಳ ಪೈಕಿ ಹೊರಗುಳಿದವು 784, ಅಂದರೆ ಶೇ. 17ರ ಆಸುಪಾಸು. ಆದರೆ ಸದಸ್ಯರ ಲೆಕ್ಕ ಹಾಕಿದರೆ ಹೊರಗುಳಿದವರು ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಈ ಅಂತರಕ್ಕೆ ಒಂದು ಕಾರಣ ಭೂಗೋಳ. ವಿರೋಧ ಬಲವಾಗಿದ್ದುದು ಒಂಟಾರಿಯೊದ ಹಳೆಯ, ದೊಡ್ಡ, ಅನುಕೂಲಸ್ಥ ಸಭೆಗಳಲ್ಲಿ. ಪಶ್ಚಿಮದ ಹುಲ್ಲುಗಾವಲು ಪ್ರಾಂತಗಳಲ್ಲಿ ಒಂದು ಹಳ್ಳಿಗೆ ಮೂರು ಪಂಗಡದ ಮೂರು ಚರ್ಚು ನಡೆಸುವ ಶಕ್ತಿಯೇ ಇರಲಿಲ್ಲ, ಎಷ್ಟೋ ಕಡೆ ಜನ ಕಾಯಿದೆಗೆ ಮುಂಚೆಯೇ ತಾವಾಗಿ ಒಟ್ಟುಗೂಡಿದ್ದರು. ಎರಡನೆಯ ಕಾರಣ ನಿಯಮದಲ್ಲೇ ಇದೆ. ಚಿಕ್ಕ ಸಭೆಗಳ ಮೌನ ಐಕ್ಯದ ಕಡೆಗೆ ಜಮಾ ಆಯಿತು. ಜೊತೆಗೆ, ಐಕ್ಯಕ್ಕೆ ಹೋದ ಸಭೆಗಳಲ್ಲಿ ಮತದಲ್ಲಿ ಸೋತ ಅಲ್ಪಸಂಖ್ಯಾತರು ಕಟ್ಟಡ ಬಿಟ್ಟು ಹೊರಬಂದು ಹೊಸ ಸಭೆ ಕಟ್ಟಿಕೊಂಡರು. ಇವರು ಸದಸ್ಯರ ಲೆಕ್ಕದಲ್ಲಿ ಸಿಗುತ್ತಾರೆ, 784 ಎಂಬ ಅಂಕಿಯಲ್ಲಿ ಸಿಗುವುದಿಲ್ಲ. 1925ರ ಜೂನ್ 10ರಂದು ಟೊರಾಂಟೊದ ಮ್ಯೂಚುಯಲ್ ಸ್ಟ್ರೀಟ್ ಅರೀನಾದಲ್ಲಿ ಸಾವಿರಾರು ಜನ ಸೇರಿ ಹೊಸ ಚರ್ಚನ್ನು ಉದ್ಘಾಟಿಸಿದಾಗ, ಅದೇ ನಗರದ ನಾಕ್ಸ್ ಚರ್ಚಿನಲ್ಲಿ ಒಪ್ಪದ ಪ್ರತಿನಿಧಿಗಳು ಹಳೆಯ ಪ್ರೆಸ್ಬಿಟೇರಿಯನ್ ಚರ್ಚನ್ನು ಮುಂದುವರಿಸಲು ಆಗಲೇ ಕೂಡಿದ್ದರು. ಮುಂದೆ ಆಸ್ತಿ ಹಂಚಿಕೆಯಾದಾಗ ಟೊರಾಂಟೊದ ನಾಕ್ಸ್ ಕಾಲೇಜು, ಮಾಂಟ್ರಿಯಲ್‌ನ ಪ್ರೆಸ್ಬಿಟೇರಿಯನ್ ಕಾಲೇಜು ಇವರ ಪಾಲಿಗೆ ಬಂದವು. ತಮ್ಮ ಹಳೆಯ ಹೆಸರಿನ ಹಕ್ಕಿಗೆ ಮಾತ್ರ ಅವರು 1939ರ ತನಕ ಕಾಯಬೇಕಾಯಿತು.

ಮೆಥಡಿಸ್ಟ್ ಸಭೆಗಳಿಗೆ ಇಂಥ ಮತವೇ ಇರಲಿಲ್ಲ. ಅವರ ಮಹಾಸಮ್ಮೇಳನ ಒಪ್ಪಿತು, ಸಭೆಗಳೆಲ್ಲ ಒಟ್ಟಿಗೆ ಹೋದವು. ಜಾನ್ ವೆಸ್ಲಿ 18ನೇ ಶತಮಾನದಲ್ಲೇ ಪ್ರಾರ್ಥನಾಲಯಗಳ ಆಸ್ತಿಪತ್ರಗಳನ್ನು ಒಂದೇ ಮಾದರಿಯಲ್ಲಿ ಬರೆಸಿ, ಊರಿನ ಟ್ರಸ್ಟಿಗಳು ಅದನ್ನು ಇಡೀ ಪಂಗಡಕ್ಕಾಗಿ ಕಾಯುವಂತೆ ಮಾಡಿದ್ದರು. ಆ ಪರಂಪರೆಯಲ್ಲಿ ಗೋಡೆ ಮಾಡು ಊರಿನವರ ದುಡ್ಡಿನದಾದರೂ ಹಕ್ಕು ಅವರದ್ದಲ್ಲ. ಮುಂದೆ ಹೇಳುವ ಅಮೆರಿಕದ ಮೆಥಡಿಸ್ಟರ ಪ್ರಕರಣಕ್ಕೆ ಇದೇ ಬೇರು.

ಕಾಂಗ್ರಿಗೇಷನಲಿಸ್ಟರ ಹಾದಿ ಇದಕ್ಕೆ ತದ್ವಿರುದ್ಧ. ಪ್ರತಿ ಸಭೆಯೂ ಸ್ವತಂತ್ರ, ಮೇಲಿನ ಯಾವ ಸಮಿತಿಗೂ ಅದನ್ನು ಎಲ್ಲಿಗೂ ಒಯ್ಯುವ ಅಧಿಕಾರವಿಲ್ಲ ಎಂಬುದು ಅವರ ಮೂಲ ನಂಬಿಕೆ. ಅಮೆರಿಕದಲ್ಲಿ ಅವರು ಇವ್ಯಾಂಜೆಲಿಕಲ್ ಅಂಡ್ ರಿಫಾರ್ಮ್ಡ್ ಚರ್ಚ್ ಜೊತೆ ಕೂಡಲು ಹೊರಟಾಗ, ಮತ ಹಾಕಿದ ಸಭೆಗಳಲ್ಲಿ ಶೇ. 75 ಒಪ್ಪಬೇಕೆಂದು ತಮಗೆ ತಾವೇ ಗುರಿ ಹಾಕಿಕೊಂಡರು. 1949ರಲ್ಲಿ ಎಣಿಸಿದಾಗ ಅಷ್ಟು ಬಂದಿರಲಿಲ್ಲ. ಆದರೂ ಅವರ ಜನರಲ್ ಕೌನ್ಸಿಲ್ ಮುಂದುವರಿಯಲು ನಿರ್ಧರಿಸಿತು. ಬ್ರೂಕ್ಲಿನ್‌ನ ಕ್ಯಾಡ್ಮನ್ ಮೆಮೋರಿಯಲ್ ಚರ್ಚ್ ಕೋರ್ಟಿಗೆ ಹೋಯಿತು. 1950ರಲ್ಲಿ ವಿಚಾರಣಾ ನ್ಯಾಯಾಧೀಶ ಮೇಯರ್ ಸ್ಟೈನ್‌ಬ್ರಿಂಕ್ ಅದರ ಪರ ತೀರ್ಪು ಕೊಟ್ಟರು, ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು, 1953ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯವೂ ಬಿದ್ದದ್ದನ್ನೇ ಎತ್ತಿಹಿಡಿಯಿತು. 1957ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಹುಟ್ಟಿತು. ಒಪ್ಪದ ಸಭೆಗಳು ಅದಕ್ಕೆ ಎರಡು ವರ್ಷ ಮುಂಚೆಯೇ ತಮ್ಮದೇ ಒಕ್ಕೂಟ ಕಟ್ಟಿಕೊಂಡಿದ್ದವು. ಇಲ್ಲಿ ಒಂದು ಸಭೆಯ ಆಸ್ತಿಯನ್ನು ಇನ್ನೊಬ್ಬರ ಬಹುಮತ ಕಸಿದುಕೊಳ್ಳಲಿಲ್ಲ. ಕೆನಡಾದಲ್ಲಿ ಸುಮ್ಮನಿದ್ದವನು ಹೋಗಿಬಿಡುತ್ತಿದ್ದ, ಇಲ್ಲಿ ಸುಮ್ಮನಿದ್ದವನ ಮನೆ ಅವನದಾಗಿಯೇ ಉಳಿಯಿತು. ಆದರೆ ಮೌನವನ್ನು ಸಭೆಗೇ ಬಿಟ್ಟುಕೊಡುವ ಪಂಗಡಕ್ಕೆ ಒಟ್ಟಾಗಿ ಒಂದು ಹೆಜ್ಜೆ ಇಡುವುದು ಎಷ್ಟು ಕಷ್ಟ ಎಂಬುದಕ್ಕೂ ಈ ಎಂಟು ವರ್ಷಗಳೇ ಸಾಕ್ಷಿ.

ಈಗ ಒಂದೇ ಒಂದು ಕೂಟವನ್ನು ಹತ್ತಿರದಿಂದ ನೋಡೋಣ. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೈನ್‌ವಿಲ್ ಪ್ರೆಸ್ಬಿಟೇರಿಯನ್ ಚರ್ಚ್. 1973ರ ಮೇ 27ರಂದು ಕೋರಂ ಇದ್ದ ಕೂಟದಲ್ಲಿ ಪಾಸ್ಟರೂ ಸೇರಿ 164 ಸದಸ್ಯರು ತಮ್ಮ ಪಂಗಡದಿಂದ ಬೇರೆಯಾಗಲು ಮತ ಹಾಕಿದರು, 94 ಮಂದಿ ವಿರೋಧಿಸಿದರು. ಬಹುಮತದವರು ಕಟ್ಟಡದಲ್ಲೇ ಉಳಿದು ಇನ್ನೊಂದು ಪ್ರೆಸ್ಬಿಟೇರಿಯನ್ ಪಂಗಡ ಸೇರಿಕೊಂಡರು. ಪಂಗಡದ ಪ್ರಾದೇಶಿಕ ಮಂಡಳಿಯಾದ ಪ್ರೆಸ್ಬಿಟರಿ ಆಯೋಗವೊಂದನ್ನು ನೇಮಿಸಿತು. ಈ 94 ಮಂದಿಯೇ ನಿಜವಾದ ಸಭೆ ಎಂದು ಆಯೋಗ ಹೇಳಿತು. ಎರಡು ಗುಂಪುಗಳೂ ತಾವೇ ವೈನ್‌ವಿಲ್ ಸಭೆ ಎಂದವು.

ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1979ರಲ್ಲಿ 'ಜೋನ್ಸ್ ವಿರುದ್ಧ ವುಲ್ಫ್' ಎಂಬ ತೀರ್ಪಾಯಿತು. ನಾಲ್ವರ ವಿರುದ್ಧ ಐವರು ನ್ಯಾಯಮೂರ್ತಿಗಳು ಹೇಳಿದ್ದರ ಸಾರ ಇಷ್ಟು: ಧರ್ಮಸಿದ್ಧಾಂತದ ಒಳಗೆ ಕೈಹಾಕದೆ, ಕ್ರಯಪತ್ರ, ರಾಜ್ಯದ ಕಾನೂನು, ಚರ್ಚಿನ ಸಂವಿಧಾನ ಇವನ್ನು ಬೇರೆ ಯಾವುದೇ ಆಸ್ತಿ ವ್ಯಾಜ್ಯದಂತೆ ಓದಿ ಕೋರ್ಟು ತೀರ್ಮಾನಿಸಬಹುದು. ಮುಂದಿನ ವರ್ಷ ಜಾರ್ಜಿಯಾದ ಕೋರ್ಟು ಬಹುಮತದವರ ಪರ ನಿಂತಿತು. ಈಗ ಲೆಕ್ಕ ಹಾಕಿ ನೋಡಿ. ಅಂದು ಮತ ಹಾಕಿದವರು 258, ಪರವಾದವರು ಶೇ. 63.6. ಮೂರನೇ ಎರಡರ ನಿಯಮ ಇದ್ದಿದ್ದರೆ 172 ಬೇಕಿತ್ತು, ಎಂಟು ಮತ ಸಾಲದೆ ಬೇರ್ಪಡುವ ಪ್ರಯತ್ನ ಅಲ್ಲಿಗೇ ನಿಲ್ಲುತ್ತಿತ್ತು. ಅದೇ ಊರು, ಅದೇ ಜನ, ಅದೇ ದಿನದ ಮನಸ್ಸು, ಆದರೂ ಕಟ್ಟಡ ಮತ್ತೊಬ್ಬರ ಕೈಯಲ್ಲಿರುತ್ತಿತ್ತು.

1979ರ ಸುಪ್ರೀಂ ಕೋರ್ಟ್ ತೀರ್ಪನ್ನು ಐವರ ಪರವಾಗಿ ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಪಂಗಡಗಳಿಗೆ ಒಂದು ದಾರಿಯನ್ನೂ ತೋರಿಸಿದ್ದರು: ಆಸ್ತಿ ಇಡೀ ಚರ್ಚಿನ ಟ್ರಸ್ಟಿಗೆ ಸೇರಿದ್ದು ಎಂದು ನಿಮ್ಮ ಸಂವಿಧಾನದಲ್ಲೇ ಮೊದಲೇ ಬರೆದುಕೊಳ್ಳಿ. ಎಪಿಸ್ಕೋಪಲ್ ಚರ್ಚ್ 1979ರ ಸೆಪ್ಟೆಂಬರಿನಲ್ಲೇ ಅಂಥ ನಿಯಮ ಪಾಸು ಮಾಡಿತು. ಪ್ರೆಸ್ಬಿಟೇರಿಯನ್ನರೂ ಹಿಂದೆಯೇ ಬಂದರು. ವೈನ್‌ವಿಲ್‌ನ 164 ಜನರ ಗೆಲುವು, ಅವರ ನಂತರ ಬಂದ ಸಾವಿರಾರು ಸಭೆಗಳಿಗೆ ಬಾಗಿಲು ಮುಚ್ಚಲು ಕಾರಣವಾಯಿತು.

ಮೆಥಡಿಸ್ಟರಿಗೆ ಹೊಸದಾಗಿ ಬರೆಯುವ ಅಗತ್ಯ ಇರಲಿಲ್ಲ, ವೆಸ್ಲಿಯ ಕಾಲದಿಂದಲೂ ಆ ಟ್ರಸ್ಟ್ ನಿಯಮ ಇತ್ತು. ಆದ್ದರಿಂದಲೇ 2019ರಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚ್ ತನ್ನ ಶಿಸ್ತುಗ್ರಂಥಕ್ಕೆ 2553ನೇ ಪರಿಚ್ಛೇದ ಸೇರಿಸಿದ್ದು ದೊಡ್ಡ ಸಂಗತಿ. ಆ ವರ್ಷ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ವಿಶೇಷ ಮಹಾಸಮ್ಮೇಳನ, ಸಲಿಂಗ ವಿವಾಹ ಮತ್ತು ಸಲಿಂಗಿಗಳ ದೀಕ್ಷೆಯ ಮೇಲಿನ ನಿಷೇಧವನ್ನು 438-384 ಮತಗಳಿಂದ ಉಳಿಸಿ ಬಿಗಿಗೊಳಿಸಿತು. ಅದರ ಜೊತೆಗೆ, ಮನಸ್ಸಾಕ್ಷಿಯ ಕಾರಣಕ್ಕೆ ಪಂಗಡ ಬಿಡುವ ಸಭೆ ಆಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡು ಹೋಗಲು 2023ರ ಡಿಸೆಂಬರ್ 31ರ ತನಕ ಕಿಂಡಿ ತೆರೆಯಿತು. ಎರಡು ವರ್ಷದ ವಂತಿಗೆ, ಪಿಂಚಣಿ ಬಾಧ್ಯತೆಯಲ್ಲಿ ತನ್ನ ಪಾಲು, ಇವನ್ನು ಕಟ್ಟಬೇಕಿತ್ತು. ಊರಿನ ಕೂಟದಲ್ಲಿ ಗೆದ್ದ ಮೇಲೆ ಪ್ರಾದೇಶಿಕ ವಾರ್ಷಿಕ ಕಾನ್ಫರೆನ್ಸೂ ಸರಳ ಬಹುಮತದಿಂದ ಒಪ್ಪಬೇಕಿತ್ತು.

ಮತದಾನದ ವಿವರ ಹೀಗಿತ್ತು. ಕೂಟಕ್ಕೆ ಕರೆ ಕೊಡುತ್ತಿದ್ದವರು ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್, ಕರೆ ಕೊಟ್ಟ 120 ದಿನಗಳೊಳಗೆ ಅದು ನಡೆಯಬೇಕಿತ್ತು. ಪದಾಧಿಕಾರಿಗಳ ಚಾರ್ಜ್ ಕಾನ್ಫರೆನ್ಸ್ ಸಾಲುತ್ತಿರಲಿಲ್ಲ, ಸದಸ್ಯರೆಲ್ಲ ಬರಬಹುದಾದ ಚರ್ಚ್ ಕಾನ್ಫರೆನ್ಸೇ ಆಗಬೇಕಿತ್ತು. ವಿಶ್ವಾಸವನ್ನು ಬಾಯಾರೆ ಒಪ್ಪಿ ಸದಸ್ಯರಾದ ಹದಿಹರೆಯದವರಿಗೂ ಮತವಿತ್ತು. ಬೇಕಿದ್ದದ್ದು 'ಹಾಜರಿರುವ' ಸದಸ್ಯರ ಮೂರನೇ ಎರಡು. ಈ ಒಂದು ಪದದಲ್ಲಿ ಎರಡು ಮೌನಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತಿದ್ದವು. ಪಟ್ಟಿಯಲ್ಲಿ 300 ಹೆಸರಿರುವ ಒಂದು ಸಭೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೂಟಕ್ಕೆ ಬಂದವರು 90 ಆದರೆ 60 ಮತ ಸಾಕು, ಅಂದರೆ ಪಟ್ಟಿಯ ಐದನೇ ಒಂದು. ಮನೆಯಲ್ಲಿ ಉಳಿದ 210 ಮಂದಿ ಲೆಕ್ಕದಲ್ಲೇ ಇಲ್ಲ. ಆದರೆ ಬಂದ 90ರಲ್ಲಿ ಐವರು ಚೀಟಿ ಖಾಲಿ ಬಿಟ್ಟರೆ, ನಿಯಮದ ಮಾತನ್ನು ಇದ್ದ ಹಾಗೇ ಓದಿದಾಗ ಅವರು ಛೇದದಲ್ಲಿ ಉಳಿಯುತ್ತಾರೆ, ಬಿಡಬಾರದು ಎಂಬ ಕಡೆಗೇ ಅವರ ತೂಕ. ಕೂಟವನ್ನೇ ಕೇಳದ ಸಭೆಯಂತೂ ಇದ್ದಲ್ಲೇ ಇತ್ತು.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಗಳಲ್ಲಿ ಸುಮಾರು ಕಾಲು ಭಾಗ, ಅಂದರೆ 7,600ಕ್ಕೂ ಹೆಚ್ಚು, ಈ ಕಿಂಡಿಯಿಂದ ಹೊರಗೆ ಹೋದವು. ಹಲವು 2022ರ ಮೇ 1ರಂದು ಶುರುವಾದ ಗ್ಲೋಬಲ್ ಮೆಥಡಿಸ್ಟ್ ಚರ್ಚನ್ನು ಸೇರಿದವು. ಕೆನಡಾದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ಒಂದು ವಿಷಯ ಎದ್ದು ಕಾಣುತ್ತದೆ. ಅಲ್ಲಿ ಪಂಗಡ ಹೊರಟು ನಿಂತಿತ್ತು, ಮೌನ ಎಂದರೆ 'ಹೊರಡೋಣ'. ಇಲ್ಲಿ ಪಂಗಡ ಇದ್ದಲ್ಲೇ ಇರಬೇಕೆಂದಿತ್ತು, ಮೌನ ಎಂದರೆ 'ಇರೋಣ'. ದಿಕ್ಕು ಬೇರೆ, ಆದರೆ ಎರಡು ಕಡೆಯೂ ಮೌನ ಜಮಾ ಆದದ್ದು ಕೇಂದ್ರದ ಖಾತೆಗೆ. ಇದನ್ನು ಒಳಸಂಚು ಎಂದು ನಾನು ಹೇಳುತ್ತಿಲ್ಲ. ನಿಯಮ ಬರೆಯುವವರು ಕೇಂದ್ರದಲ್ಲೇ ಕೂತು ಬರೆಯುತ್ತಾರೆ, ಅವರಿಗೆ ಸಹಜವೆನಿಸುವ ಸ್ಥಿತಿಯೇ ನಿಯಮದ ಮೂಲಸ್ಥಿತಿ ಆಗಿಬಿಡುತ್ತದೆ. ಸೋತವರಿಗೆ ಬಿದ್ದ ಹೊರೆ ಮಾತ್ರ ಬೇರೆ ಬೇರೆ. ಕೆನಡಾದಲ್ಲಿ ಕಟ್ಟಡ ಕಳೆದುಕೊಂಡದ್ದು ಅಲ್ಪಸಂಖ್ಯಾತರು. ಅಮೆರಿಕದ ನಿಯಮದಲ್ಲಿ ನೂರಕ್ಕೆ 66 ಜನ ಬಿಡಬೇಕೆಂದರೂ ಕಟ್ಟಡ ಉಳಿದ 34 ಜನರ ಪಂಗಡಕ್ಕೇ. ಒಬ್ಬೊಬ್ಬರಾಗಿ ಎದ್ದು ಹೋಗುವ ಸ್ವಾತಂತ್ರ್ಯ ಎರಡು ಕಡೆಯೂ ಇತ್ತು. ಅಜ್ಜ ಅಜ್ಜಿಯರನ್ನು ಹೂಳಿದ ಸ್ಮಶಾನವನ್ನು ಜೊತೆಗೆ ಒಯ್ಯುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ.

ಮೌನ ಯಾವಾಗಲೂ ಕೇಂದ್ರದ ಕಡೆಗೇ ಎಂದು ಮಾತ್ರ ಹೇಳುವಂತಿಲ್ಲ. ಪ್ರೆಸ್ಬಿಟೇರಿಯನ್ ಚರ್ಚ್ (ಯು.ಎಸ್.ಎ.)ದಲ್ಲಿ ಸಂವಿಧಾನದ ತಿದ್ದುಪಡಿ ಊರಿನ ಸಭೆಗಳ ಮುಂದೆ ಹೋಗುವುದೇ ಇಲ್ಲ, ಪ್ರಾದೇಶಿಕ ಪ್ರೆಸ್ಬಿಟರಿಗಳ ಮುಂದೆ ಹೋಗುತ್ತದೆ. ಎಲ್ಲ ಪ್ರೆಸ್ಬಿಟರಿಗಳ ಬಹುಮತ ಬೇಕಾದ್ದರಿಂದ ಮತ ಹಾಕದ ಪ್ರೆಸ್ಬಿಟರಿ ಬೇಡ ಎಂದದ್ದಕ್ಕೆ ಸಮ. ಮದುವೆಯ ವ್ಯಾಖ್ಯೆಯನ್ನು ಬದಲಿಸಿದ ತಿದ್ದುಪಡಿ 171ರಲ್ಲಿ 86ನೆಯ ಒಪ್ಪಿಗೆ ಬಂದ ದಿನ, 2015ರ ಮಾರ್ಚ್ 17ರಂದು, ಪಾಸಾಯಿತು. ಇಲ್ಲಿ ಹೆಜ್ಜೆ ಇಡಬೇಕೆಂದಿದ್ದ ಕೇಂದ್ರಕ್ಕೆ ಮೌನ ಎದುರಾಗಿ ನಿಂತಿತ್ತು. ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಬಿಡಬೇಕೆನ್ನುವ ಸಭೆ ಎರಡು ಸಲ ಮತ ಹಾಕಬೇಕು, ಎರಡು ಸಲವೂ ಹಾಜರಿರುವವರ ಮೂರನೇ ಎರಡು ಬೇಕು, ನಡುವೆ ಕನಿಷ್ಠ 90 ದಿನ ಬಿಷಪರ ಜೊತೆ ಸಮಾಲೋಚನೆ. ಕೋಪ ಆರಲು ಕಾಲ ಕೊಡುವ ಈ ಏರ್ಪಾಡು ನನಗೆ ವಿವೇಕದ್ದಾಗಿ ಕಾಣುತ್ತದೆ, ಮೊದಲ ಕೂಟಕ್ಕೆ ಬಾರದವನಿಗೆ ಇನ್ನೊಂದು ಅವಕಾಶ ಸಿಗುವ ನಿಯಮ ನಾನು ನೋಡಿದವುಗಳಲ್ಲಿ ಇದೊಂದೇ. ಸದರ್ನ್ ಬ್ಯಾಪ್ಟಿಸ್ಟರಲ್ಲಿ ವಾರ್ಷಿಕ ಸಮಾವೇಶಕ್ಕೆ ಬರುವವರು ತಮ್ಮ ಸಭೆಯ ಆದೇಶ ಹೊತ್ತು ಬರುವುದಿಲ್ಲ, ತಮ್ಮ ಮನಸ್ಸಿನಂತೆ ಮತ ಹಾಕುತ್ತಾರೆ, ಹಾಗಾಗಿ ಅಲ್ಲಿ ಊರಿನ ಸಭೆಯ ಮೌನ ಯಾರ ಲೆಕ್ಕಕ್ಕೂ ಹೋಗುವುದಿಲ್ಲ.

ಎಣಿಕೆಯ ಈ ಪ್ರಶ್ನೆಗಳನ್ನು ವ್ಯವಸ್ಥಿತವಾಗಿ ಬರೆದಿಟ್ಟ ಹೆನ್ರಿ ರಾಬರ್ಟ್ ಅಮೆರಿಕದ ಸೈನ್ಯದ ಎಂಜಿನಿಯರ್. 1863ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಚರ್ಚಿನ ಕೂಟವೊಂದರ ಅಧ್ಯಕ್ಷತೆ ವಹಿಸಲು ಹೋಗಿ, ಗದ್ದಲವನ್ನು ನಿಭಾಯಿಸಲಾಗದೆ ಅವಮಾನಪಟ್ಟ ನಂತರವೇ ಅವರು ನಿಯಮಗಳ ಅಧ್ಯಯನಕ್ಕೆ ಇಳಿದದ್ದು. 1876ರಲ್ಲಿ ಬಂದ ಅವರ ಪುಸ್ತಕ ಇಂದು ಕ್ಲಬ್ಬು, ಕಂಪನಿ, ಸಂಘಗಳ ಕೂಟಗಳಲ್ಲೂ ನಡೆಯುತ್ತದೆ. ಆ ಪರಂಪರೆಯ ಸಾಮಾನ್ಯ ರೂಢಿಯಲ್ಲಿ ಖಾಲಿ ಚೀಟಿ ಎಣಿಕೆಗೆ ಬಾರದು. 'ಹಾಜರಿರುವವರ' ಎಂದು ಬರೆಯುವ ಪಂಗಡ ಆ ರೂಢಿಯನ್ನು ಬೇಕೆಂದೇ ಬಿಟ್ಟಿರುತ್ತದೆ.

ಕರ್ನಾಟಕಕ್ಕೆ ಬಂದರೆ, ಇಲ್ಲಿನ ದೊಡ್ಡ ಐಕ್ಯ ಊರಿನ ಸಭೆಗಳ ನೇರ ಮತದಿಂದ ಆದದ್ದಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಮೊಳೆತ ಮಾತುಕತೆ ಫಲ ಕೊಟ್ಟು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಉದ್ಘಾಟನೆಯಾಯಿತು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವರು, ಮೂವರೂ ತಂತಮ್ಮ ಮೇಲಿನ ಮಂಡಳಿಗಳಲ್ಲಿ ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಇದರ ಗುರುತು ಈಗಲೂ ಇದೆ. ವೆಸ್ಲಿಯನ್ ಮಿಷನ್ನಿನ ಕನ್ನಡ ಸಭೆಯಾಗಿ ಬೆಳೆದ ಹಡ್ಸನ್ ಚರ್ಚ್ ಸಿ.ಎಸ್.ಐ.ಗೆ ಸೇರಿತು. ರಿಚ್ಮಂಡ್ ಟೌನಿನ ಮೆಥಡಿಸ್ಟ್ ಚರ್ಚ್ ಸೇರಲಿಲ್ಲ, ಕೋಲಾರ, ಬೀದರದ ಮೆಥಡಿಸ್ಟರೂ ಸೇರಲಿಲ್ಲ, ಏಕೆಂದರೆ ಅವರ ಮೂಲ ಅಮೆರಿಕದ ಮಿಷನ್, ಅದು 1947ರ ಒಪ್ಪಂದದಲ್ಲಿ ಇರಲೇ ಇಲ್ಲ. ಚರ್ಚ್ ಆಫ್ ನಾರ್ತ್ ಇಂಡಿಯಾ ಕಟ್ಟಿದ ಉತ್ತರ ಭಾರತದ ಐಕ್ಯದಿಂದಲೂ ಅವರ ಮಹಾಸಮ್ಮೇಳನ 1970ರಲ್ಲಿ, ಇನ್ನೇನು ಕೆಲವೇ ತಿಂಗಳು ಇರುವಾಗ, ಹಿಂದೆ ಸರಿಯಿತು. ಸಿ.ಎಸ್.ಐ. ಸಂವಿಧಾನದ ತಿದ್ದುಪಡಿ ಇಂದಿಗೂ ಸಿನಡ್ ಮತ್ತು ಡಯಾಸಿಸನ್ ಕೌನ್ಸಿಲುಗಳ ಮೂರನೇ ಎರಡರ ಒಪ್ಪಿಗೆಯಿಂದ ಆಗುವಂಥದ್ದು. ಸಾಮಾನ್ಯ ಸದಸ್ಯರು ಚೀಟಿ ಹಿಡಿಯುವುದು ಮುಖ್ಯವಾಗಿ ಪಾಸ್ಟರೇಟ್ ಕಮಿಟಿಯ ಚುನಾವಣೆಯಲ್ಲಿ.

ಹೀಗೆ ಮೇಲಿನಿಂದ ಆದ ಐಕ್ಯಕ್ಕೆ ಕೋರ್ಟಿನಲ್ಲಿ ಏನಾಗಬಹುದು ಎಂಬುದನ್ನು ಗುಜರಾತಿನ ಪ್ರಕರಣ ತೋರಿಸಿದೆ. ಅಲ್ಲಿನ ಫಸ್ಟ್ ಡಿಸ್ಟ್ರಿಕ್ಟ್ ಚರ್ಚ್ ಆಫ್ ದ ಬ್ರದರನ್ 1970ರಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಸೇರಲು ನಿರ್ಣಯ ಮಾಡಿತ್ತು. ಒಪ್ಪದವರು ದಶಕಗಳ ಕಾಲ ವ್ಯಾಜ್ಯ ನಡೆಸಿದರು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ಟ್ರಸ್ಟ್ ಕಾಯಿದೆಯ ವಿಧಿಗಳನ್ನು ಪಾಲಿಸದೆ ಬರೀ ನಿರ್ಣಯದಿಂದ ಟ್ರಸ್ಟಿನ ಆಸ್ತಿ ಇನ್ನೊಂದು ಚರ್ಚಿಗೆ ಹೋಗುವುದಿಲ್ಲ ಎಂದಿತು. ನಲವತ್ತಮೂರು ವರ್ಷ ಹಿಂದೆ ಕೈ ಎತ್ತಿದವರ ಮತ ಧಾರ್ಮಿಕವಾಗಿ ನಿಂತಿರಬಹುದು, ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮಲ್ಲಿ ಮೌನದ ಲೆಕ್ಕ ಹುಡುಕುವ ಈ ಕೆಲಸವನ್ನು ಮುಂದುವರಿಸುವವರಿಗೆ ಆಕರಗಳ ಕೊರತೆಯಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ದಾಖಲೆಗಳಿವೆ. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಠಾಣೆವಾರು ಸದಸ್ಯರ ಸಂಖ್ಯೆ ಅಚ್ಚಾಗಿದೆ. ಸಭೆಯ ಮಿನಿಟ್ಸ್ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂಬ ಮಾತು ಸಿಕ್ಕಾಗ ಅಂದು ಎಷ್ಟು ಜನ ಬಂದಿದ್ದರು ಎಂದು ಅದೇ ಪುಟದ ರುಜುಗಳಿಂದ ಎಣಿಸಿ, ವರದಿಯಲ್ಲಿರುವ ಆ ವರ್ಷದ ಸದಸ್ಯರ ಸಂಖ್ಯೆಯೊಡನೆ ಹೋಲಿಸಿದರೆ ಛೇದ ಸಿಕ್ಕುತ್ತದೆ.